ಹಳೆಯ ಮನೆಯ ಗೋಡೆಯೂ ಹೊಸ ಸಿಮೆಂಟೂ

ಗದಗಿನ ನೆರೆಯಲ್ಲಿರುವ ಕಳಸಾಪುರದಂಥ ಊರುಗಳ ಹಳೆಯ ಓಣಿಗಳಲ್ಲಿ ಇಂದಿಗೂ ಮೇಲ್ಮುದ್ದೆಯ ಮನೆಗಳನ್ನು ಕಾಣಬಹುದು. ಕಲ್ಲುಮಣ್ಣಿನ ದಪ್ಪ ಗೋಡೆ, ಮರದ ಕಂಬ, ತೊಲೆ, ಜಂತಿ, ಅವುಗಳ ಮೇಲೆ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ, ಇದು ಅವುಗಳ ಸ್ವರೂಪ. ಇಂಥ ಮನೆಯು ಶಿಥಿಲವಾದಾಗ ಮನೆಯವರಿಗೆ ಮೊದಲು ಹೊಳೆಯುವ ಉಪಾಯವೆಂದರೆ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸುವುದು. ಗೋಡೆ ನುಣುಪಾಗುತ್ತದೆ, ಬಣ್ಣ ಹಚ್ಚಿದರೆ ಮನೆ ಹೊಸದರಂತೆ ಹೊಳೆಯುತ್ತದೆ. ಆದರೆ ಕೆಲವು ಮಳೆಗಾಲಗಳು ಕಳೆದ ಮೇಲೆ ಆ ಗಿಲಾವು ಬುಡದಲ್ಲಿ ಉಬ್ಬುತ್ತದೆ. ತಟ್ಟಿದರೆ ಟೊಳ್ಳು ಸದ್ದು ಕೇಳುತ್ತದೆ. ಅದು ಉದುರಿದ ಜಾಗದಲ್ಲಿ ಬಿಳಿಯ ಉಪ್ಪು ಕಾಣಿಸುತ್ತದೆ. ಕೆಲಸಗಾರನ ತಪ್ಪೆಂದು ಬಗೆದು ಇನ್ನೂ ಗಟ್ಟಿಯಾದ ಗಿಲಾವನ್ನು ಮಾಡಿಸುವವರೂ ಉಂಟು. ನಿಜವಾದ ಕಾರಣವು ಕೆಲಸಗಾರನ ಕೈಯಲ್ಲಿಲ್ಲ, ನೀರಿನ ಗುಣದಲ್ಲಿದೆ.

ಅತಿ ಸಣ್ಣ ರಂಧ್ರವುಳ್ಳ ಗಾಜಿನ ಕೊಳವೆಯನ್ನು ನೀರಿನಲ್ಲಿ ನಿಲ್ಲಿಸಿದರೆ, ನೀರು ತಾನಾಗಿಯೇ ಮೇಲೇರುವುದನ್ನು ವಿದ್ಯಾರ್ಥಿಗಳು ನೋಡಿರಬಹುದು. ಇದಕ್ಕೆ ಕೇಶಾಕರ್ಷಣವೆಂದು ಹೆಸರು. ರಂಧ್ರದ ವ್ಯಾಸವು ೧ ಮಿಲಿಮೀಟರ್ ಇದ್ದರೆ ನೀರು ಸುಮಾರು ೩ ಸೆಂಟಿಮೀಟರ್ ಏರುತ್ತದೆ. ಅದರ ಹತ್ತನೆಯ ಒಂದು ಪಾಲಾದರೆ ೩೦ ಸೆಂಟಿಮೀಟರ್ ಏರುತ್ತದೆ. ಮಣ್ಣಿನ ಗೋಡೆಯು ಇಂಥ ಅಸಂಖ್ಯ ಸೂಕ್ಷ್ಮ ರಂಧ್ರಗಳ ಸಮೂಹವೇ ಆಗಿದೆ. ಆದುದರಿಂದ ನೆಲದ ತೇವವು ಗೋಡೆಯೊಳಗೆ ಸದಾ ಏರುತ್ತಿರುತ್ತದೆ.

ಹಾಗಾದರೆ ಹಳೆಯ ಗೋಡೆಗಳು ಇಷ್ಟು ಕಾಲ ನಿಂತುದು ಹೇಗೆ? ಏರಿದ ನೀರು ಗೋಡೆಯ ಎರಡು ಮುಖಗಳಿಂದಲೂ ಆವಿಯಾಗಿ ಹೋಗುತ್ತಿದ್ದುದೇ ಇದರ ಗುಟ್ಟು. ಮಣ್ಣು, ಸಗಣಿ, ಹೊಟ್ಟುಗಳ ಲೇಪನವಾಗಲಿ ಸುಣ್ಣದ ಲೇಪನವಾಗಲಿ ಆವಿಯನ್ನು ತಡೆಯುವುದಿಲ್ಲ. ಗದಗು ಸೀಮೆಯ ಒಣ ಗಾಳಿಯೂ ಇದಕ್ಕೆ ಸಹಾಯಕವಾಗಿದೆ. ಬರುವ ನೀರು, ಹೋಗುವ ನೀರು ಇವುಗಳ ನಡುವೆ ಒಂದು ಸಮತೋಲವು ಏರ್ಪಟ್ಟು, ತೇವವು ಬುಡದಲ್ಲಿಯೇ ನಿಲ್ಲುತ್ತದೆ.

ಸಿಮೆಂಟಿನ ಗಿಲಾವು ಈ ಸಮತೋಲವನ್ನು ಕೆಡಿಸುತ್ತದೆ. ಅದರೊಳಗಿಂದ ಆವಿಯು ಸುಲಭವಾಗಿ ಹೊರಬರಲಾರದು. ದಾರಿ ಕಾಣದ ನೀರು ಗೋಡೆಯೊಳಗೆ ಇನ್ನಷ್ಟು ಮೇಲಕ್ಕೆ ಏರುತ್ತದೆ. ನೀರಿನಲ್ಲಿ ಕರಗಿದ ಲವಣಗಳು ಗಿಲಾವಿನ ಹಿಂಬದಿಯಲ್ಲಿ ಹರಳುಗಟ್ಟಿ, ಅದನ್ನು ಹೊರಕ್ಕೆ ನೂಕುತ್ತವೆ. ಬಿಸಿಲಿಗೂ ತೇವಕ್ಕೂ ಮಣ್ಣು ಒಂದು ಬಗೆಯಾಗಿ, ಸಿಮೆಂಟು ಇನ್ನೊಂದು ಬಗೆಯಾಗಿ ಹಿಗ್ಗಿ ಕುಗ್ಗುವುದರಿಂದ ಬಿರುಕುಗಳು ಉಂಟಾಗುತ್ತವೆ. ಆ ಬಿರುಕುಗಳಿಂದ ಒಳಹೊಕ್ಕ ಮಳೆನೀರಿಗೆ ಹೊರಗೆ ಬರುವ ದಾರಿ ಇರುವುದಿಲ್ಲ. ಒಣಗಿದ ಜೇಡಿಮಣ್ಣು ಗಟ್ಟಿಯಾಗಿದ್ದರೂ ನೀರು ಹೆಚ್ಚಿದಂತೆ ಮೆತ್ತಗಾಗಿ, ಭಾರವನ್ನು ಹೊರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹೊರಗೆ ನುಣುಪಾಗಿ ಕಾಣುವ ಗೋಡೆಯು ಒಳಗೆ ಕೆಸರಾಗಿರಬಹುದು. ಅಪಾಯವು ಕಣ್ಣಿಗೆ ಕಾಣದಿರುವುದೇ ಇಲ್ಲಿನ ದೊಡ್ಡ ಅಪಾಯ.

ಇದು ನಮ್ಮ ನಾಡಿಗೆ ಮಾತ್ರ ಸೇರಿದ ಸಮಸ್ಯೆಯಲ್ಲ. ಉದ್ಯೋಗದ ನಿಮಿತ್ತ ಇಂಗ್ಲೆಂಡಿಗೆ ಹೋಗಿ ನೆಲೆಸಿದ ಕನ್ನಡ ಕುಟುಂಬಗಳು ಅಲ್ಲಿ ನೂರು ವರ್ಷಕ್ಕೂ ಹಳೆಯದಾದ ಮನೆಯನ್ನು ಕೊಳ್ಳುವುದುಂಟು. ಸುಣ್ಣದ ಗಾರೆಯಿಂದ ಕಟ್ಟಿದ ಅಲ್ಲಿನ ಇಟ್ಟಿಗೆಯ ಗೋಡೆಗಳಿಗೆ ಸಿಮೆಂಟು ಬಳಿದಾಗಲೂ ಇದೇ ಬಗೆಯ ತೇವ, ಇದೇ ಬಗೆಯ ಉಪ್ಪು ಕಾಣಿಸಿಕೊಳ್ಳುತ್ತವೆ. ಲೀಡ್ಸ್ ನಗರದ ಜೋಸೆಫ್ ಆಸ್ಪ್‌ಡಿನ್ ಎಂಬವನು ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರವನ್ನು ಪಡೆದುದು ೧೮೨೪ರಲ್ಲಿ. ಅಂದರೆ ಸಿಮೆಂಟು ಹುಟ್ಟಿದ ನಾಡಿನಲ್ಲಿಯೇ ಹಳೆಯ ಮನೆಗಳ ದುರಸ್ತಿಗೆ ಈಗ ಸುಣ್ಣವನ್ನು ಮತ್ತೆ ಹುಡುಕುತ್ತಿದ್ದಾರೆ.

ಅಮೆರಿಕದ ನ್ಯೂ ಮೆಕ್ಸಿಕೊ ಪ್ರಾಂತದ ಉದಾಹರಣೆಯು ಇನ್ನೂ ಸ್ಪಷ್ಟವಾಗಿದೆ. ಅಲ್ಲಿ ರಾಂಚೋಸ್ ಡಿ ಟಾವೋಸ್ ಎಂಬ ಊರಿನಲ್ಲಿ ಹಸಿ ಇಟ್ಟಿಗೆಯಿಂದ ಕಟ್ಟಿದ, ಇನ್ನೂರು ವರ್ಷ ಹಳೆಯದಾದ ಚರ್ಚೊಂದಿದೆ. ಪ್ರತಿ ವರ್ಷವೂ ಮಣ್ಣು ಮೆತ್ತುವ ಶ್ರಮ ತಪ್ಪಲೆಂದು ೧೯೬೭ರಲ್ಲಿ ಅದಕ್ಕೆ ಸಿಮೆಂಟನ್ನು ಬಳಿದರು. ಹನ್ನೆರಡು ವರ್ಷಗಳೊಳಗೆ ಗೋಡೆಗಳು ಒಳಗೆ ನೆನೆದು ಹಾಳಾಗಿರುವುದು ತಿಳಿಯಿತು. ೧೯೭೯ರಲ್ಲಿ ಊರವರು ಸಿಮೆಂಟನ್ನು ಕಿತ್ತುಹಾಕಿ ಮತ್ತೆ ಮಣ್ಣನ್ನೇ ಮೆತ್ತಿದರು. ಅಲ್ಲಿಂದೀಚೆಗೆ ಆ ಪದ್ಧತಿಯನ್ನೇ ಮುಂದುವರಿಸಿದ್ದಾರೆ.

ಸುಣ್ಣದ ವಿಶೇಷವೇನು? ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟಾಗ ಇಂಗಾಲಾಮ್ಲ ವಾಯು ಹೊರಟುಹೋಗುತ್ತದೆ. ೧೦೦ ಸೇರು ಶುದ್ಧ ಕಲ್ಲಿನಿಂದ ದೊರೆಯುವ ಸುಣ್ಣ ೫೬ ಸೇರು ಮಾತ್ರ. ಅದನ್ನು ನೀರಿನಲ್ಲಿ ಅರಳಿಸಿ ಗೋಡೆಗೆ ಬಳಿದರೆ, ಕಳೆದುಕೊಂಡ ವಾಯುವನ್ನೇ ಹವೆಯಿಂದ ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಹೀಗೆ ಕಲ್ಲಾದರೂ ಅದರಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುವುದರಿಂದ ಆವಿಗೆ ದಾರಿ ಇರುತ್ತದೆ.

ಇನ್ನು ಮಾಳಿಗೆಯ ವಿಚಾರ. ಹಿರಿಯರು ಮಾಳಿಗೆಗೆ ಬೆಳೆ ಬಾರದ ಸವಳು ಮಣ್ಣನ್ನು ಆರಿಸಿದರು. ಅದರಲ್ಲಿರುವ ಸೋಡಿಯಂ ಲವಣಗಳಿಂದ ಜೇಡಿಯ ಕಣಗಳು ನೀರು ತಾಗಿದೊಡನೆ ಬಿಡಿಬಿಡಿಯಾಗಿ ಚದುರಿ, ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರನ್ನು ಇಂಗಗೊಡದ ದೋಷವೇ ಮಾಳಿಗೆಯ ಮೇಲೆ ಗುಣವಾಗುತ್ತದೆ! ಆದರೆ ಸೋರುವಾಗಲೆಲ್ಲ ಹಳೆಯದನ್ನು ತೆಗೆಯದೆ ಹೊಸ ಮಣ್ಣನ್ನು ಹೇರುತ್ತ ಹೋದರೆ ತೊಲೆಗಳ ಗತಿಯೇನು? ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಮಾಳಿಗೆಯಲ್ಲಿ ಒಂದು ಅಡಿ ದಪ್ಪದ ಮಣ್ಣಿದ್ದರೆ ಅದರ ತೂಕ ಸುಮಾರು ನಾಲ್ಕೂವರೆ ಟನ್ನುಗಳಾಗುತ್ತವೆ. ಮಳೆಯಲ್ಲಿ ನೆನೆದಾಗ ಇದು ಇನ್ನೂ ಹೆಚ್ಚುತ್ತದೆ. ತೊಲೆಯ ತುದಿಯು ತೇವದ ಗೋಡೆಯೊಳಗೆ ಕೊಳೆತಿದ್ದರೆ ಕುಸಿಯಲು ಒಂದು ರಾತ್ರಿಯ ಮಳೆ ಸಾಕು. ೨೦೦೯ರ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಉತ್ತರ ಕರ್ನಾಟಕದಲ್ಲಿ ಸುರಿದ ಭಾರಿ ಮಳೆಗೆ ಲಕ್ಷಗಟ್ಟಲೆ ಮನೆಗಳು ಹಾನಿಗೊಂಡುದನ್ನು ನಾವು ಮರೆಯುವಂತಿಲ್ಲ.

ಈ ತತ್ತ್ವವನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ಬಗೆಯ ಎರಡು ಸುಟ್ಟ ಇಟ್ಟಿಗೆಗಳನ್ನು ತೆಗೆದುಕೊಳ್ಳಿರಿ. ಒಂದರ ಬುಡವನ್ನೂ ನೆತ್ತಿಯನ್ನೂ ಬಿಟ್ಟು ಉಳಿದ ನಾಲ್ಕು ಮುಖಗಳಿಗೆ ಎಣ್ಣೆಬಣ್ಣ ಬಳಿದು ಒಣಗಿಸಿರಿ. ಎರಡನ್ನೂ ಉಪ್ಪುನೀರಿನ ತಟ್ಟೆಯಲ್ಲಿ ನೆಟ್ಟಗೆ ನಿಲ್ಲಿಸಿ, ನೀರು ಕಡಿಮೆಯಾದಂತೆ ತುಂಬುತ್ತಿರಿ. ಕೆಲವು ದಿನಗಳಲ್ಲಿ ಬರಿಯ ಇಟ್ಟಿಗೆಯ ಪಕ್ಕಗಳಲ್ಲಿ ಬಿಳಿಯ ಉಪ್ಪು ಮೂಡುವುದು. ಬಣ್ಣ ಬಳಿದ ಇಟ್ಟಿಗೆಯಲ್ಲಿ ಅದು ನೆತ್ತಿಯಲ್ಲಿ ಮೂಡುವುದು. ನೀರು ಎಲ್ಲಿ ಹೊರಬರುತ್ತದೆಯೋ ಅಲ್ಲಿಯೇ ಉಪ್ಪನ್ನು ಬಿಟ್ಟುಹೋಗುತ್ತದೆ.

ಆದುದರಿಂದ ಹಳೆಯ ಮನೆಯನ್ನು ದುರಸ್ತಿ ಮಾಡುವವರು ಮೊದಲು ನೀರಿನ ದಾರಿಯನ್ನು ನೋಡಬೇಕು. ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಇಳಿಜಾರು ಮಾಡಿಸಬೇಕು. ಮಾಳಿಗೆಯ ದೋಣಿಗಳನ್ನು ಗೋಡೆಯಿಂದ ದೂರಕ್ಕೆ ಚಾಚಿಸಬೇಕು. ಹೆಚ್ಚಿನ ಮಣ್ಣನ್ನು ಇಳಿಸಿ, ತೊಲೆಗಳ ತುದಿಗಳನ್ನು ಪರೀಕ್ಷಿಸಬೇಕು. ಗಿಲಾವಿನ ಸರದಿ ಬರುವುದು ಕೊನೆಯಲ್ಲಿ. ಅದೂ ಮಣ್ಣಿನದು ಅಥವಾ ಸುಣ್ಣದ್ದಾಗಿರಬೇಕು. ಸಿಮೆಂಟು ಕೆಟ್ಟ ವಸ್ತುವಲ್ಲ. ಸಿಮೆಂಟಿಗೆಂದೇ ಕಟ್ಟಿದ ಗೋಡೆಯಲ್ಲಿ ಅದು ಶ್ರೇಷ್ಠವಾದುದು. ಉಸಿರಾಡುತ್ತ ಬಾಳಿದ ಗೋಡೆಯ ಬಾಯಿಯನ್ನು ಮುಚ್ಚುವುದು ಮಾತ್ರ ದುರಸ್ತಿಯಾಗಲಾರದು.