ಹಿಮದ ಮೇಲೆ ಮುಂದಾಳಾಗುವುದು

ಮೊನ್ನೆ ಶಂಕರಪುರಂನ ನಮ್ಮ ಮನೆಗೆ ಹಳೆಯ ಶಿಷ್ಯನೊಬ್ಬ ಬಂದಿದ್ದ. ಹೆಗಲಲ್ಲಿ ಹಗ್ಗದ ಸುರುಳಿ, ಅಂಗೈ ತುಂಬ ತರಚು ಗಾಯ. ರಾಮನಗರದ ಬಂಡೆ ಹತ್ತಿ ಬಂದವನು. “ಮೇಷ್ಟ್ರೇ, ಹಿಮಾಲಯಕ್ಕೆ ತಂಡ ಕರೆದೊಯ್ಯುವ ಮುಂದಾಳಾಗಬೇಕು. ಎಷ್ಟು ದಿನ ಹಿಡಿಯುತ್ತೆ?” ಎಂದ. ಹಿಮ, ಆಲಯ ಸೇರಿದರೆ ಸವರ್ಣದೀರ್ಘಸಂಧಿ ಎಂದು ಅವನಿಗೆ ಹೇಳಿಕೊಟ್ಟವನು ನಾನು. ಅದರಾಚೆಯದನ್ನು ನಾನೂ ಓದಿ, ಕೇಳಿ ತಿಳಿಯಬೇಕಾಯಿತು.

ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಏರಿದ್ದು 1953ರಲ್ಲಿ. ಮರುವರ್ಷವೇ ಡಾರ್ಜಿಲಿಂಗಿನಲ್ಲಿ ಪರ್ವತಾರೋಹಣ ಸಂಸ್ಥೆ ಹುಟ್ಟಿತು. ಅಲ್ಲಿನ ಹೊರಾಂಗಣ ಶಿಕ್ಷಣದ ಹೊಣೆ ತೇನ್‌ಸಿಂಗರದಾಯಿತು. 1965ರಲ್ಲಿ ಉತ್ತರಕಾಶಿಯಲ್ಲಿ ನೆಹರೂ ಸಂಸ್ಥೆ ಬಂತು. ಮೊದಲ ಶಿಬಿರ ಸುಮಾರು ನಾಲ್ಕು ವಾರದ್ದು. ಅದರಲ್ಲಿ ‘ಎ’ ಶ್ರೇಣಿ ದೊರೆತರೆ ಉನ್ನತ ಶಿಬಿರ. ಅಲ್ಲಿಯೂ ‘ಎ’ ಬಂದರೆ ಕಲಿಸುವ ವಿಧಾನದ ಶಿಬಿರ. ಬರಿಯ ತೇರ್ಗಡೆ ಸಾಲದು.

ಬಂಡೆ ಹತ್ತಬಲ್ಲವನಿಗೆ ಇಷ್ಟೆಲ್ಲ ಏಕೆ ಎನ್ನುವಿರಾ? ನಮ್ಮ ಸಾವನದುರ್ಗದ ಬಂಡೆ ಇಂದು ಇದ್ದಂತೆ ನಾಳೆಯೂ ಇರುತ್ತದೆ. ಹಿಮ ಹಾಗಲ್ಲ, ಬೆಳಗ್ಗೆ ಗಟ್ಟಿಯಾಗಿದ್ದದ್ದು ಮಧ್ಯಾಹ್ನ ಕುಸಿಯುತ್ತದೆ. ರಾಗಿಯ ರಾಶಿಯ ಮೇಲೊಂದು ಹಲಗೆ ಇಟ್ಟು ನೋಡಿ: ಕಾಳು ಉರುಳಿದೊಡನೆ ಹಲಗೆ ಜಾರುತ್ತದೆ. ಒಳಗೆ ಕಾಳುಕಾಳಾದ ಸಡಿಲ ಪದರ, ಮೇಲೆ ಗಾಳಿ ಒತ್ತಿದ ಹೊಸ ಹಿಮದ ಹಲಗೆ; ಒಬ್ಬ ಮನುಷ್ಯನ ಭಾರವೇ ಸಾಕು. 30ರಿಂದ 45 ಡಿಗ್ರಿ ಇಳಿಜಾರು ಇದಕ್ಕೆ ತಕ್ಕ ಜಾಗ. ಅದಕ್ಕಿಂತ ಕಡಿದಾದಲ್ಲಿ ಹಿಮ ಹೆಚ್ಚು ನಿಲ್ಲುವುದಿಲ್ಲ. ಆದ್ದರಿಂದಲೇ ಕಲಿಯುವವನು ಗುಂಡಿ ತೋಡಿ, ಪದರಗಳನ್ನು ಬೆರಳಿನಿಂದ ಒತ್ತಿ ಓದುತ್ತಾನೆ. ಜಾರಿದರೆ ಹೆಗಲ ಬಳಿ ಹಿಮಗೊಡಲಿಯ ಮೂತಿಯನ್ನು ಊರಿ ನಿಲ್ಲುವುದನ್ನು, ಯೋಚಿಸದೆ ಮೈಯೇ ಮಾಡುವವರೆಗೆ ಅಭ್ಯಾಸ ಮಾಡುತ್ತಾನೆ. ಹೂತುಹೋದವನನ್ನು ಹತ್ತು ಹದಿನೈದು ನಿಮಿಷದೊಳಗೆ ತೆಗೆದರೆ ಬದುಕುವ ಆಸೆ ಹೆಚ್ಚು; ಊರಿನಿಂದ ನೆರವು ಬರುವವರೆಗೆ ಕಾಲ ಕಾಯದು. ಹುಡುಕುವ ಯಂತ್ರ, ಚುಚ್ಚಿ ನೋಡುವ ಕೋಲು, ಸಲಿಕೆ ಜೊತೆಯವರ ಬೆನ್ನ ಮೇಲೆಯೇ ಇರಬೇಕು.

2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದ ಬಳಿ ಉತ್ತರಕಾಶಿಯ ಉನ್ನತ ಶಿಬಿರದವರ ಮೇಲೆಯೇ ಹಿಮ ಕುಸಿಯಿತು. 25ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಕಲಿಸುವವರೂ ಇದ್ದರು, ನಮ್ಮ ಕರ್ನಾಟಕದ ತರುಣರೂ ಇದ್ದರು. ಹೆದರಿಸಲು ಇದನ್ನು ಬರೆಯುತ್ತಿಲ್ಲ. ಆದರೆ ಪ್ರಮಾಣಪತ್ರ ಎದೆಗಾಪಲ್ಲ ಎಂಬುದನ್ನು ಶಿಷ್ಯನಿಗೆ ಹೇಳದೆ ಇರಲಾರೆ.

ಮುಂದಾಳು ಎಂದರೆ ಮುಂದೆ ನಡೆಯುವವನು ಎಂದು ನಾವು ಅರ್ಥ ಬರೆಸುತ್ತೇವೆ. ಬೆಟ್ಟದಲ್ಲಿ ಅವನು ಎಷ್ಟೋ ಸಲ ಹಿಂದೆಯೇ ಇರುತ್ತಾನೆ: ಯಾರು ಊಟ ಬಿಟ್ಟರು, ಯಾರಿಗೆ ತಲೆನೋವು ಎಂದು ನೋಡುತ್ತ. 3000 ಮೀಟರಿಗೆ ಮೇಲೆ, ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ಕುಡಿದವನಂತೆ ತೂರಾಡುವವನನ್ನು ತಡಮಾಡದೆ ಕೆಳಗಿಳಿಸಬೇಕು. ಇಷ್ಟು ಗಂಟೆಗೆ ಹಿಂದಿರುಗುವೆವು ಎಂದು ಹೊರಡುವಾಗಲೇ ನಿಶ್ಚಯಿಸಿ, ಶಿಖರ ಕಣ್ಣೆದುರಿಗೆ ಇದ್ದರೂ ತಿರುಗಬೇಕು. ಹಣ ಕೊಟ್ಟು ಬಂದವರು ಮುಖ ಗಂಟಿಕ್ಕುತ್ತಾರೆ. ಇದನ್ನು ಯಾವ ಶಿಬಿರವೂ ನಾಲ್ಕು ವಾರದಲ್ಲಿ ಕಲಿಸಲಾರದು.

“ವರ್ಷಗಳು ಹಿಡಿಯುತ್ತವೆ, ಅಪ್ಪ,” ಎಂದೆ. ಹುಡುಗ ನಕ್ಕು, ಅರ್ಜಿಗೆ ಬೇಕಾದ ವೈದ್ಯರ ಪತ್ರಕ್ಕಾಗಿ ಗಾಂಧಿ ಬಜಾರಿನ ಕಡೆ ಹೊರಟ. ಅಮ್ಮನಿಗೆ ಇನ್ನೂ ಹೇಳಿಲ್ಲವಂತೆ.