ಮೂರು ಲೈಫು, ಒಂದು ಪಾಳಿ

"ಏ, ನಿಂದ್ರಲೇ! ನಾ ಇನ್ನೂ ಕೆಳಗ ಅದೀನಿ!"

ಕಾಂಟ್ರಾ ಎಂಬ ವಿಡಿಯೊ ಆಟ ಆಡಿದವರಿಗೆ ಈ ಕೂಗು ಯಾವ ಹಂತದಲ್ಲಿ ಏಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಮೂರನೆಯದು, ಜಲಪಾತದ್ದು. ಬಂಡೆಯಿಂದ ಬಂಡೆಗೆ ಜಿಗಿಯುತ್ತ ಮೇಲೇರಬೇಕು. ಏರಿದಷ್ಟೂ ಪರದೆ ಮೇಲಕ್ಕೆ ಸರಿಯುತ್ತದೆ, ಕೆಳಗಿನ ಬಂಡೆಗಳು ಕಾಣೆಯಾಗುತ್ತವೆ. ಇಬ್ಬರು ಕೂಡಿ ಆಡುವಾಗ ಒಬ್ಬ ಮುಂದೆ ಹೋದನೆಂದರೆ ಹಿಂದೆ ಉಳಿದವನ ಕಾಲಡಿ ನೆಲವೇ ಇರುವುದಿಲ್ಲ. ಅಷ್ಟೂ ಹೊತ್ತು ವೈರಿಗಳ ಗುಂಡು ತಪ್ಪಿಸಿಕೊಂಡು ಬಂದವನು ಗೆಳೆಯನ ಅವಸರಕ್ಕೆ ಸಾಯುತ್ತಾನೆ. ನಿಪ್ಪಾಣಿಯ ಸೋದರಮಾವನ ಮನೆಯಲ್ಲಿ ಒಂದು ಇಡೀ ಬೇಸಿಗೆ ರಜೆಯನ್ನು ನಾವು ಆ ಜಲಪಾತದಲ್ಲೇ ಕಳೆದೆವು. ಆ ಕಾರಣಕ್ಕೆ ಮಾತು ಬಿಟ್ಟುಕೊಂಡವರೂ ಇದ್ದರು. ಮಾರನೆಯ ದಿನ ಮತ್ತೆ ಅದೇ ಟೀವಿಯ ಮುಂದೆ ಬಂದು ಕೂಡುತ್ತಿದ್ದರು.

ಅದು ತೊಂಬತ್ತರ ದಶಕದ ಕೊನೆ. ಟೀವಿಗೆ ಹಚ್ಚಿ ಆಡುವ ಆ ಪೆಟ್ಟಿಗೆ ನಮ್ಮ ಸೀಮೆಗೆ ಬಂದದ್ದು ಗಡಿಯಾಚೆಯ ಪೇಟೆಗಳಿಂದ. ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ, ಕಾಗವಾಡ ಮತ್ತು ಉಗಾರದವರಿಗೆ ಮಿರಜ, ಸಾಂಗ್ಲಿ. ಲಗ್ನದ ಬಟ್ಟೆ ತರಲು ಹೋದವರು ಮಕ್ಕಳ ಹಟಕ್ಕೆ ಸೋತು ಅದನ್ನೂ ಚೀಲಕ್ಕೆ ಹಾಕಿಕೊಂಡು ಬರುತ್ತಿದ್ದರು. ಜಪಾನಿನ ನಿಂಟೆಂಡೊ ಕಂಪನಿಯ ಯಂತ್ರದ ನಕಲು ಅದು. ಕ್ಯಾಸೆಟ್ ಮೇಲೆ '9999999 ಇನ್ 1' ಎಂದು ಅಚ್ಚಾಗಿರುತ್ತಿತ್ತು, ಒಳಗೆ ಇರುತ್ತಿದ್ದದ್ದು ಬೆರಳೆಣಿಕೆಯ ಆಟಗಳು, ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಮನೆಯ ಕಾಯಿದೆ ಒಂದೇ: ಮೂರು ಲೈಫಿಗೆ ಒಂದು ಪಾಳಿ. ಮೂರೂ ಹೋದವೋ, ಕೈಯಲ್ಲಿನ ರಿಮೋಟು ಮುಂದಿನವನ ಕೈಗೆ. ಎಂಟು ಮಕ್ಕಳಿದ್ದ ಮನೆಯಲ್ಲಿ ಪಾಳಿ ತಿರುಗಿ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತೂ ಉಳಿದವರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ನಾವು ಆಟ ಕಲಿತದ್ದು ಆಡಿದ್ದಕ್ಕಿಂತ ಹೆಚ್ಚು ಹಾಗೆ ನೋಡಿ.

ಇನ್ನೊಂದು ಕಷ್ಟವನ್ನು ಆಟ ಮಾಡಿದ ಜಪಾನಿನವರು ಕನಸಿನಲ್ಲೂ ನೆನೆದಿರಲಾರರು. ಕಾಂಟ್ರಾದಲ್ಲಿ ಎಂಟು ಹಂತ. ನಡುವೆ ಎಲ್ಲಿಯೂ ಆಟವನ್ನು ಕಾಯ್ದಿಡುವ ಸೌಲಭ್ಯವಿಲ್ಲ. ಒಂದೇ ಸಲ ಕೂತು ಮುಗಿಸಬೇಕು. ಇತ್ತ ಚಿಕ್ಕೋಡಿ, ರಾಯಬಾಗದ ಕಡೆ ಲೈಟ್ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದೇ ದಿನದ ದೊಡ್ಡ ಪ್ರಶ್ನೆ. ಐದನೇ ಹಂತದ ಹಿಮದಲ್ಲಿ ಕಷ್ಟಪಟ್ಟು ನಡೆಯುತ್ತಿರುವಾಗ ಟೀವಿಯ ನಡುವೆ ಒಂದು ಬಿಳಿ ಚುಕ್ಕೆ ಉಳಿದು ಎಲ್ಲ ಕತ್ತಲಾಗುತ್ತಿತ್ತು. "ಲೈಟ್ ಹೋತು!" ಲೈಟ್ ಬಂದ ಮೇಲೆ ಮೊದಲಿನಿಂದ, ಅದೇ ಕಾಡು, ಅದೇ ಸೇತುವೆ. ಮೊದಲ ಹಂತವನ್ನು ನಮ್ಮ ಕೇರಿಯ ಹುಡುಗರು ಕಣ್ಣು ಮುಚ್ಚಿ ದಾಟುತ್ತಿದ್ದರು, ಏಕೆಂದರೆ ಅದನ್ನು ನೂರಾರು ಸಲ ದಾಟಿದ್ದರು. ಎಂಟನೆಯದನ್ನು ಕಂಡವರು ಕಡಿಮೆ.

ಈ ಆಟಗಳು ಅಷ್ಟು ಕಠಿಣವಾಗಿದ್ದುದಕ್ಕೆ ಕಾರಣಗಳಿದ್ದವು. ಮೊದಲ ಕಾರಣ ನಾಣ್ಯ. ಕೊನಾಮಿ ಕಂಪನಿ ಕಾಂಟ್ರಾವನ್ನು 1987ರಲ್ಲಿ ಮೊದಲು ತಂದದ್ದು ನಾಣ್ಯ ಹಾಕಿ ಆಡುವ ಯಂತ್ರವಾಗಿ. ಅಂಥ ಯಂತ್ರದ ಮುಂದೆ ಒಬ್ಬನೇ ಗಂಟೆಗಟ್ಟಲೆ ನಿಂತರೆ ಅಂಗಡಿಯವನಿಗೆ ನಷ್ಟ. ಬೇಗ ಸೋಲಬೇಕು, ಆದರೆ ಇನ್ನೊಂದು ನಾಣ್ಯ ಹಾಕುವ ಆಸೆ ಉಳಿಯಬೇಕು. ಎರಡನೆಯದು ಜಾಗದ ಅಭಾವ. 1985ರ ಸೂಪರ್ ಮಾರಿಯೊ ಇಡಿಯಾಗಿ ಕೂತಿದ್ದುದು 40 ಕಿಲೋಬೈಟಿನಲ್ಲಿ. ಇಂದು ಮೊಬೈಲಿನಲ್ಲಿ ಬರುವ ಒಂದು 'ಶುಭೋದಯ' ಚಿತ್ರ ಅದಕ್ಕಿಂತ ದೊಡ್ಡದು. ಅಷ್ಟು ಚಿಕ್ಕ ಜಾಗದಲ್ಲಿ ಮಾಡಿದ ಆಟವನ್ನು ಬಲ್ಲವನು ಬಹಳ ಹೊತ್ತು ತೆಗೆದುಕೊಳ್ಳದೆ ಮುಗಿಸಿಬಿಡುತ್ತಾನೆ. ಅದು ತಿಂಗಳುಗಟ್ಟಲೆ ಬಾಳಬೇಕಾದರೆ ದಾರಿ ಒಂದೇ, ಕಷ್ಟ ಮಾಡುವುದು. ಮಾರಿಯೊದ ಮುಂದಿನ ಭಾಗ 1986ರಲ್ಲಿ ಜಪಾನಿನಲ್ಲಿ ಬಂದಾಗ ನಿಂಟೆಂಡೊದ ಅಮೆರಿಕದ ಶಾಖೆ ಅದು ತಮ್ಮ ಜನಕ್ಕೆ ತೀರಾ ಕಠಿಣವೆಂದು ಬಿಡುಗಡೆಯನ್ನೇ ಮಾಡಲಿಲ್ಲ, ಬೇರೊಂದು ಆಟಕ್ಕೆ ಅದೇ ಹೆಸರಿಟ್ಟು ಮಾರಿತು.

ಮಾಡಿದವರಿಗೇ ಆಡಲು ಬರುತ್ತಿರಲಿಲ್ಲ ಎಂಬುದಕ್ಕೂ ಸಾಕ್ಷಿ ಇದೆ. ಕೊನಾಮಿಯಲ್ಲಿ ಕಜುಹಿಸಾ ಹಶಿಮೊಟೊ ಎಂಬ ಪ್ರೋಗ್ರಾಮರ್ ಇದ್ದರು. 'ಗ್ರೇಡಿಯಸ್' ಎಂಬ ಆಟವನ್ನು ಮನೆಯ ಯಂತ್ರಕ್ಕೆ ಹೊಂದಿಸುವ ಕೆಲಸ ಅವರ ಪಾಲಿಗೆ ಬಂತು. ಪರೀಕ್ಷೆ ಮಾಡಲು ಕೊನೆಯವರೆಗೆ ಆಡಬೇಕು, ಆದರೆ ಆಟ ಅವರ ಕೈಗೆ ಮಣಿಯಲಿಲ್ಲ. ತಮ್ಮ ಅನುಕೂಲಕ್ಕೆಂದು ಒಂದು ಗುಟ್ಟಿನ ಕೀಲಿ ಇಟ್ಟುಕೊಂಡರು: ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಅದು ಆಟದೊಳಗೇ ಉಳಿದು 1986ರಲ್ಲಿ ಲೋಕಕ್ಕೆ ಬಂತು. ಮುಂದೆ ಕಾಂಟ್ರಾದಲ್ಲಿ ಅದೇ ಗುಂಡಿಗಳನ್ನು ಒತ್ತಿದರೆ ಮೂರರ ಬದಲು ಮೂವತ್ತು ಲೈಫು. ಹಶಿಮೊಟೊ 2020ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಜಗತ್ತಿನಾದ್ಯಂತ ನಡುವಯಸ್ಸಿನ ಜನ ಆ ಹತ್ತು ಗುರುತುಗಳನ್ನು ಬರೆದು ನಮಸ್ಕಾರ ಹೇಳಿದರು. ನಮಗೆ ಆ ಗುಟ್ಟು ತಲುಪಿದ್ದು ಬಾಯಿಂದ ಬಾಯಿಗೆ. ಪುಣೆಯಿಂದ ರಜೆಗೆ ಬಂದಿದ್ದ ಒಬ್ಬ ಹುಡುಗ ಹೇಳಿದ, ನಾನು ಗಣಿತದ ನೋಟಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ. ಮೂವತ್ತು ಲೈಫು ಸಿಕ್ಕ ಮೇಲೂ ನಾವು ಸೋಲುತ್ತಿದ್ದೆವು ಎಂಬುದು ಬೇರೆ ಮಾತು.

ಇಷ್ಟೆಲ್ಲ ಸೋತರೂ ಮತ್ತೆ ಏಕೆ ಕೂಡುತ್ತಿದ್ದೆವು ಎಂದು ನನ್ನ ಅಪ್ಪ ಕೇಳುತ್ತಿದ್ದರು. ಉತ್ತರ ಅವರಿಗೇ ಗೊತ್ತಿತ್ತು ಎಂದು ಈಗ ಅನಿಸುತ್ತದೆ. ಅವರು ಎಳೆಯ ವಯಸ್ಸಿನಲ್ಲಿ ತಾಲೀಮಿಗೆ ಹೋದವರು. ನಮ್ಮ ಸೀಮೆ ಕುಸ್ತಿಯದು. ಶಾಹೂ ಮಹಾರಾಜರು 1912ರಲ್ಲಿ ಕೊಲ್ಹಾಪುರದಲ್ಲಿ ಕಟ್ಟಿಸಿದ ಖಾಸಬಾಗ ಮೈದಾನದ ಹೆಸರು ಕೇಳದ ಮನೆ ಈ ಕಡೆ ಇಲ್ಲ. ತಾಲೀಮಿಗೆ ಹೊಸದಾಗಿ ಬಂದ ಹುಡುಗನನ್ನು ವಸ್ತಾದ ಮೊದಲ ದಿನವೇ ಗೆಲ್ಲಿಸುವುದಿಲ್ಲ. ಕೆಂಪು ಮಣ್ಣಿನಲ್ಲಿ ಚಿತ್ ಮಾಡುತ್ತಾನೆ, ಎಬ್ಬಿಸುತ್ತಾನೆ, ಮತ್ತೆ ಚಿತ್ ಮಾಡುತ್ತಾನೆ. ಹತ್ತನೆಯ ಸಲ ಹುಡುಗನಿಗೆ ತನ್ನ ಯಾವ ಕಾಲು ಸಡಿಲ ಎಂದು ತಿಳಿಯುತ್ತದೆ. ಕಾಂಟ್ರಾವೂ ಹಾಗೆಯೇ. ವೈರಿ ಎಲ್ಲಿಂದ ಬರುತ್ತಾನೋ ಮುಂದಿನ ಸಲವೂ ಅಲ್ಲಿಂದಲೇ ಬರುತ್ತಾನೆ. ಸತ್ತರೆ ತಪ್ಪು ನಮ್ಮದು, ಮತ್ತು ಆ ತಪ್ಪು ಯಾವುದೆಂದು ಕಣ್ಣಿಗೆ ಕಾಣುತ್ತದೆ. ಮಗ್ಗಿಯ ಹಾಗೆ ಅದನ್ನು ಬಾಯಿಪಾಠ ಮಾಡಬಹುದು. ಇಂಥ ಕಷ್ಟಕ್ಕೆ ನಾನು ಪ್ರಾಮಾಣಿಕ ಕಷ್ಟ ಎನ್ನುತ್ತೇನೆ.

ಎಲ್ಲ ಕಷ್ಟವೂ ಅಂಥದ್ದಲ್ಲ. 1985ರಲ್ಲಿ ಕ್ಯಾಪ್‌ಕಾಮ್ ಕಂಪನಿ ತಂದ 'ಘೋಸ್ಟ್ಸ್ ಎನ್ ಗಾಬ್ಲಿನ್ಸ್' ಆಟದ ವೀರ ಒಂದು ಪೆಟ್ಟಿಗೆ ಕವಚ ಕಳೆದುಕೊಳ್ಳುತ್ತಾನೆ, ಎರಡನೆಯದಕ್ಕೆ ಎಲುಬಾಗುತ್ತಾನೆ. ಅಲ್ಲಿಯವರೆಗೆ ಸರಿ. ಆದರೆ ಎಲ್ಲ ದಾಟಿ ಕೊನೆ ಮುಟ್ಟಿದವನಿಗೆ, ಇದು ಸೈತಾನನ ಮಾಯೆ, ಮೊದಲಿನಿಂದ ಆಡು ಎನ್ನುತ್ತದೆ. ಇದು ಮಾತಿಗೆ ತಪ್ಪಿದ ಹಾಗೆ. ಗೆದ್ದ ಪೈಲ್ವಾನನಿಗೆ ಬೆಳ್ಳಿ ಕಡಗ ಕೊಡದೆ ಕಳಿಸಿದ ಜಾತ್ರೆಗೆ ಮರುವರ್ಷ ಯಾರೂ ಹೋಗುವುದಿಲ್ಲ.

ನಾನು ಕಾಲೇಜಿಗೆ ಬರುವ ಹೊತ್ತಿಗೆ ಚಿಕ್ಕೋಡಿ, ಅಥಣಿಯಲ್ಲಿ ಕಂಪ್ಯೂಟರ್ ಕ್ಲಾಸುಗಳು, ಸೈಬರ್ ಕೆಫೆಗಳು ತೆರೆದಿದ್ದವು. ಗಂಟೆಯ ಲೆಕ್ಕದಲ್ಲಿ ದುಡ್ಡು. ಅಲ್ಲಿ ಸಿಕ್ಕ ಆಟ 'ಐಜಿಐ'. ನಾರ್ವೆಯ ಇನ್ನರ್‌ಲೂಪ್ ಸಂಸ್ಥೆ ಮಾಡಿ 2000ದ ಡಿಸೆಂಬರಿನಲ್ಲಿ ಬಿಡುಗಡೆಯಾದ ಈ ಆಟವನ್ನು ಭಾರತದ ಕಂಪ್ಯೂಟರುಗಳಲ್ಲಿ ಆಡದ ಊರಿಲ್ಲ. ಜೋನ್ಸ್ ಎಂಬ ಒಬ್ಬನೇ ಯೋಧ, ಹದಿನಾಲ್ಕು ಮಿಷನ್ನು. ಕ್ಯಾಮೆರಾ ಕಣ್ಣಿಗೆ ಬಿದ್ದರೆ ಅಲಾರಂ, ಅಲಾರಂ ಆದರೆ ಸುತ್ತಲಿನ ಕಾವಲುಗಾರರೆಲ್ಲ ಮೈಮೇಲೆ. ಇಲ್ಲಿಯೂ ಮಿಷನ್ನಿನ ನಡುವೆ ಕಾಯ್ದಿಡಲು ಬರುವುದಿಲ್ಲ. ಮುಕ್ಕಾಲು ಗಂಟೆ ತೆವಳಿ ಬಂದು ಬಾಗಿಲಲ್ಲಿ ಸತ್ತರೆ ಮತ್ತೆ ಬೇಲಿಯ ಹೊರಗಿನಿಂದ ಶುರು. ಹೊರಗೆ ಗಡಿಯಾರ ನೋಡುತ್ತ ಕೂತ ಕೆಫೆಯವರು "ಟೈಮ್ ಆತು ನೋಡ್ ತಮ್ಮಾ" ಎನ್ನುತ್ತಿದ್ದರು.

ಅದಕ್ಕಿಂತ ದೊಡ್ಡ ಕಷ್ಟ ಇಂಗ್ಲಿಷು. ಕನ್ನಡ ಶಾಲೆಯಿಂದ ಬಂದ ನಾನು, ಪಕ್ಕದಲ್ಲಿ ಮರಾಠಿ ಶಾಲೆಯಿಂದ ಬಂದ ಗೆಳೆಯ. ಮಿಷನ್ನಿಗೆ ಮೊದಲು ಏನು ಮಾಡಬೇಕೆಂದು ಪುಟಗಟ್ಟಲೆ ಹೇಳುತ್ತಿದ್ದುದು ಇಬ್ಬರಿಗೂ ತಿಳಿಯುತ್ತಿರಲಿಲ್ಲ. ವೈರಿಗಳನ್ನೆಲ್ಲ ಕೊಂದು, ಖಾಲಿ ಮೈದಾನದಲ್ಲಿ ಮುಂದೇನು ಎಂದು ಅರ್ಧ ಗಂಟೆ ತಿರುಗಿದ್ದೇವೆ. 'ವೈಸ್ ಸಿಟಿ' ಎಂಬ ಇನ್ನೊಂದು ಆಟದಲ್ಲಿ ಕಟ್ಟುತ್ತಿರುವ ಕಟ್ಟಡದೊಳಗೆ ಆಟಿಕೆಯ ಹೆಲಿಕಾಪ್ಟರ್ ಹಾರಿಸಿ ನಾಲ್ಕು ಬಾಂಬ್ ಇಡುವ ಮಿಷನ್ನು ಇಡೀ ದೇಶದ ಹುಡುಗರನ್ನು ಗೋಳಾಡಿಸಿತು. ಅದನ್ನು ಹಾರಿಸಲು ಎಡಗೈಯಲ್ಲಿ ಏರಿಳಿತ, ಬಲಗೈಯಲ್ಲಿ ಕೀಬೋರ್ಡಿನ ಬಲತುದಿಯ ಅಂಕಿಗಳಿಂದ ವಾಲಾಟ. ಅದನ್ನು ಓದಿ ತಿಳಿಯುವ ಭಾಷೆ ನಮ್ಮದಾಗಿರಲಿಲ್ಲ. ಒಬ್ಬ ಹಿರಿಯ ಹುಡುಗ ಬಂದು "ಹಂಗಲ್ಲೋ, ಇಲ್ಲಿ ಕೈ ಇಡು" ಎಂದು ಬೆರಳು ಹಿಡಿದು ತೋರಿಸಿದ ದಿನ ಅದು ಹಾರಿತು. ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರ್‌ಆಕ್ಟಿವ್ ಎಂಬ ಆಟ ತಯಾರಿಸುವ ಸಂಸ್ಥೆ ಶುರುವಾಗಿತ್ತು, ಲೋಕದ ದೊಡ್ಡ ಆಟಗಳಿಗೆ ಚಿತ್ರ ಬರೆಯುವವರು ನಮ್ಮ ರಾಜಧಾನಿಯಲ್ಲೇ ಇದ್ದರು. ಆದರೂ ನಾವು ಆಡಿದ ಯಾವ ಆಟದಲ್ಲೂ ಒಂದು ಕನ್ನಡ ಅಕ್ಷರ ಕಾಣಲಿಲ್ಲ. ಆ ನೋವು ನನಗೆ ಇನ್ನೂ ಹೋಗಿಲ್ಲ.

ಈಗ ಎಲ್ಲ ಮೊಬೈಲಿಗೆ ಬಂದಿದೆ. ಅಲ್ಲಿಯೂ ಪ್ರಾಮಾಣಿಕ ಕಷ್ಟದ ಆಟಗಳಿವೆ. 'ಗೆಟಿಂಗ್ ಓವರ್ ಇಟ್' ಅಂಥದ್ದು, ಬೆನೆಟ್ ಫಾಡಿ 2017ರಲ್ಲಿ ಮಾಡಿದ್ದು. ಸೊಂಟದವರೆಗೆ ಕೊಪ್ಪರಿಗೆಯಲ್ಲಿ ಕೂತ ಮನುಷ್ಯ, ಕೈಯಲ್ಲೊಂದು ಸುತ್ತಿಗೆ, ಮುಂದೆ ಬೆಟ್ಟ. ಸುತ್ತಿಗೆ ಊರಿ ಊರಿ ಹತ್ತಬೇಕು. ಜಾರಿದರೆ ಬುಡಕ್ಕೆ ಬೀಳಲೂಬಹುದು, ಒಂದು ವಾರದ ಶ್ರಮ ಒಂದು ಕ್ಷಣದಲ್ಲಿ ಹೋಗುತ್ತದೆ. ಕೊಪ್ಪರಿಗೆ ಕಂಡ ಕೂಡಲೇ ನನ್ನ ಅಣ್ಣನ ಮಗ, "ಕಾಕಾ, ಬೆಲ್ಲದ ಗಾಣದಾಗ ಬಿದ್ದಾನ ನೋಡ್ರಿ" ಎಂದ. ನಾಲ್ಕು ತಿಂಗಳು ಹತ್ತಿದ, ಬಿದ್ದ, ಅತ್ತ, ಕೊನೆಗೂ ತುದಿ ಮುಟ್ಟಿದ. ಆ ಆಟ ಅವನಿಂದ ನಡುವೆ ಒಂದು ರೂಪಾಯಿಯನ್ನೂ ಕೇಳಲಿಲ್ಲ.

ಅದೇ ಮೊಬೈಲಿನಲ್ಲಿ 2012ರ 'ಕ್ಯಾಂಡಿ ಕ್ರಷ್' ಇದೆ. ಐದು ಲೈಫು ಮುಗಿದರೆ ಒಂದೊಂದು ತುಂಬಲು ಅರ್ಧ ಗಂಟೆ ಕಾಯಬೇಕು, ಇಲ್ಲವೇ ದುಡ್ಡು ಕೊಡಬೇಕು. ಒಂದು ಕಾಲಕ್ಕೆ ಅದರ 65ನೇ ಹಂತದಲ್ಲಿ ಸಿಕ್ಕಿಬಿದ್ದವರ ಗೋಳು ಜಗತ್ತಿಗೆಲ್ಲ ಗೊತ್ತಿತ್ತು. ಉದುರುವ ಮಿಠಾಯಿಗಳು ಪ್ರತಿ ಸಲ ಬೇರೆ, ಹಾಗಾಗಿ ಸೋತದ್ದು ನನ್ನ ತಪ್ಪಿಗೋ ಅದೃಷ್ಟಕ್ಕೋ ತಿಳಿಯುವುದಿಲ್ಲ. ನಾಣ್ಯ ಹಾಕುವ ಹಳೆಯ ಯಂತ್ರವೇ ಕಿಸೆಗೆ ಬಂದು ಕೂತಿದೆ, ವ್ಯತ್ಯಾಸವೆಂದರೆ ಈಗ ಅಂಗಡಿ ಮುಚ್ಚುವ ಹೊತ್ತಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಒಳ್ಳೆಯದಾಯಿತು. ಆದರೆ ಲೈಫು ಮಾರುವ ಆಟಗಳು ಆ ಬಲೆಗೆ ಬೀಳುವುದಿಲ್ಲ. ಅವುಗಳನ್ನು ನೋಡಿಕೊಳ್ಳುವ ಹೊಣೆ ಮನೆಯವರದೇ.

ಕಬ್ಬು ಕಳಿಸಿ ಬಂದು, ಬೀಡಿ ಕಟ್ಟಿ ಎದ್ದು, ದಿನವಿಡೀ ದಣಿದ ತಂದೆತಾಯಿಗೆ ಮಗನ ಕೈಯಲ್ಲಿನ ಮೊಬೈಲು ಒಂದೇ ಥರ ಕಾಣುತ್ತದೆ. ಕಸಿದುಕೊಳ್ಳುವುದೂ ಸಹಜ. ಕಸಿಯುವ ಮೊದಲು ಹತ್ತು ನಿಮಿಷ ಅವನ ಪಕ್ಕ ಕೂತು ನೋಡಿರಿ ಎಂದು ಕೇಳಿಕೊಳ್ಳುತ್ತೇನೆ. ಅವನು ಸೋತಾಗ ಪರದೆಯ ಮೇಲೆ ಏನು ಬರುತ್ತದೆ ಎಂಬುದನ್ನಷ್ಟೇ ಗಮನಿಸಿರಿ. ರೂಪಾಯಿಯ ಗುರುತು ಬಂದರೆ ಆ ಆಟ ಅಳಿಸಿಹಾಕಿಸಿರಿ. ಮೊದಲಿನಿಂದ ಶುರು ಮಾಡು ಎಂದು ಬಂದರೆ, ಅವನ ಪಾಳಿ ಮುಗಿಯಲಿ.