ಮೋಟಾರ್ ಸೈಕಲ್ಲಿನ ಚೈನಿಗೆ ಯಾವ ಎಣ್ಣೆ?

ಪಟ್ಟಣದ ಅನೇಕ ಮನೆಗಳಲ್ಲಿ ಮೋಟಾರ್ ಸೈಕಲ್ಲು ಈಗ ಕುಟುಂಬದ ಒಬ್ಬ ಸದಸ್ಯನೇ ಆಗಿಬಿಟ್ಟಿದೆ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡುವುದರಿಂದ ಹಿಡಿದು ಸಂಜೆ ಸಂತೆಯ ಚೀಲ ಹೊರುವವರೆಗೆ ಅದಕ್ಕೆ ದುಡಿಮೆ. ಪೆಟ್ರೋಲು ಹಾಕಿಸುವುದನ್ನು ಯಾರೂ ಮರೆಯುವುದಿಲ್ಲ. ಮರೆತರೆ ಗಾಡಿ ದಾರಿಯಲ್ಲೇ ನಿಂತು ನೆನಪು ಮಾಡಿಕೊಡುತ್ತದೆ. ಎಂಜಿನ್ ಆಯಿಲಿನ ವಿಷಯವನ್ನು ಮೆಕ್ಯಾನಿಕ್ಕೇ ಎತ್ತುತ್ತಾನೆ. ಚೈನಿನ ಎಣ್ಣೆಗೆ ಮಾತ್ರ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ. ಒಂದು ದಿನ ಅದು ಕರಕರ ಸದ್ದು ಮಾಡತೊಡಗಿದಾಗ ಕೈಗೆ ಸಿಕ್ಕಿದ್ದನ್ನು ಸುರಿಯುವುದು ವಾಡಿಕೆ: ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಇಲ್ಲವೇ ಗ್ಯಾರೇಜಿನಲ್ಲಿ ಎಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆ. ಸದ್ದು ನಿಲ್ಲುತ್ತದೆ, ಯಜಮಾನರಿಗೆ ಸಮಾಧಾನವಾಗುತ್ತದೆ. ಸದ್ದು ನಿಂತಿತೆಂದ ಮಾತ್ರಕ್ಕೆ ಸವೆತ ನಿಂತಿತೆಂದು ಹೇಳುವಂತಿಲ್ಲ.

ಯಾವ ಎಣ್ಣೆ ಒಳ್ಳೆಯದೆಂದು ಕೇಳುವ ಮುಂಚೆ, ಎಣ್ಣೆ ಎಲ್ಲಿಗೆ ಹೋಗಿ ಸೇರಬೇಕು ಎಂದು ಕೇಳಿಕೊಳ್ಳುವುದು ಮೇಲು. ಇದಕ್ಕೆ ಉತ್ತರ ದೊರೆತರೆ ಮೊದಲಿನ ಪ್ರಶ್ನೆ ಅರ್ಧ ಬಗೆಹರಿದ ಹಾಗೆಯೇ. (ಸ್ಕೂಟರುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಚಕ್ರಕ್ಕೆ ಇಂತಹ ಚೈನು ಇರುವುದಿಲ್ಲ, ಸ್ಕೂಟರಿನವರು ಈ ಪುಟವನ್ನು ದಾಟಿ ಹೋದರೂ ಬಾಧಕವಿಲ್ಲ.)

ಇಂದಿನ ಚೈನಿನ ರಚನೆಗೆ ಮೂಲಪುರುಷ ಹ್ಯಾನ್ಸ್ ರೆನಾಲ್ಡ್. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಈತ ೧೮೮೦ರಲ್ಲಿ ಬುಷ್ ಇರುವ ರೋಲರ್ ಚೈನಿಗೆ ಹಕ್ಕುಪತ್ರ ಪಡೆದ. ಆತನ ಉಪಾಯ ಸರಳವಾದದ್ದು. ಪ್ರತಿಯೊಂದು ಕೀಲಿನಲ್ಲೂ ನಡುವೆ ಒಂದು ಪಿನ್ನು, ಪಿನ್ನಿನ ಸುತ್ತ ಬುಷ್ ಎಂಬ ಸಣ್ಣ ಕೊಳವೆ, ಕೊಳವೆಯ ಸುತ್ತ ಸಡಿಲವಾಗಿ ತಿರುಗುವ ರೋಲರು. ಇಕ್ಕೆಲಗಳಲ್ಲಿ ಇವನ್ನು ಹಿಡಿದಿಡುವ ತಗಡುಗಳು. ಸ್ಪ್ರಾಕೆಟ್ಟಿನ ಹಲ್ಲಿಗೆ ತಾಗುವುದು ರೋಲರು. ಎಳೆತವನ್ನೆಲ್ಲ ಹೊರುವುದು ಒಳಗಿನ ಪಿನ್ನು. ನಮ್ಮ ಕಣ್ಣಿಗೆ ಕಾಣುವುದು ತಗಡು ಮತ್ತು ರೋಲರು ಮಾತ್ರ. ತೇಯುವುದು ಹೆಚ್ಚಾಗಿ ಕಣ್ಣಿಗೆ ಕಾಣದ ಪಿನ್ನು, ಬುಷ್‌ಗಳ ನಡುವೆ.

ಆ ಪಿನ್ನಿನ ಪಾಡೇನೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಗಾಡಿ ಗಂಟೆಗೆ ೫೦ ಕಿಲೋಮೀಟರು ವೇಗದಲ್ಲಿ ಹೋಗುತ್ತಿದೆ, ಹಿಂದಿನ ಸ್ಪ್ರಾಕೆಟ್ಟಿಗೆ ೪೨ ಹಲ್ಲು, ಚೈನಿಗೆ ೧೧೨ ಕೊಂಡಿ ಎಂದಿಟ್ಟುಕೊಳ್ಳೋಣ. ಚಕ್ರ ಸೆಕೆಂಡಿಗೆ ಏಳು ಸುತ್ತಿಗಿಂತ ಹೆಚ್ಚು ತಿರುಗುತ್ತದೆ. ಚೈನು ಅಷ್ಟರಲ್ಲಿ ಸುಮಾರು ಎರಡೂಮುಕ್ಕಾಲು ಪ್ರದಕ್ಷಿಣೆ ಮುಗಿಸುತ್ತದೆ. ಒಂದೊಂದು ಪ್ರದಕ್ಷಿಣೆಯಲ್ಲೂ ಪ್ರತಿ ಕೀಲು ನಾಲ್ಕು ಸಲ ಮಣಿಯಬೇಕು: ಮುಂದಿನ ಸ್ಪ್ರಾಕೆಟ್ಟಿಗೆ ಏರುವಾಗ, ಇಳಿಯುವಾಗ, ಹಿಂದಿನದಕ್ಕೆ ಏರುವಾಗ, ಇಳಿಯುವಾಗ. ಹೀಗೆ ಒಂದು ಗಂಟೆಯ ಪ್ರಯಾಣದಲ್ಲಿ ಒಂದು ಕೀಲು ಸುಮಾರು ನಲವತ್ತು ಸಾವಿರ ಸಲ ಮಡಿಸಿ ಬಿಚ್ಚಿಕೊಳ್ಳುತ್ತದೆ, ಅದೂ ಇಬ್ಬರು ಸವಾರರ ಭಾರ ಎಳೆಯುತ್ತ. ನಡುವೆ ಎಣ್ಣೆಯ ಪೊರೆಯಿಲ್ಲದಿದ್ದರೆ ಉಕ್ಕು ಉಕ್ಕನ್ನೇ ತಿನ್ನುತ್ತದೆ.

“ಚೈನು ಎಳೆದುಕೊಂಡಿದೆ” ಎಂದು ಮೆಕ್ಯಾನಿಕ್ಕು ಹೇಳುವುದರ ಅರ್ಥ ಇದೇ. ಉಕ್ಕಿನ ತಗಡೇನೂ ರಬ್ಬರಿನಂತೆ ಹಿಗ್ಗಿರುವುದಿಲ್ಲ. ಒಂದೊಂದು ಕೀಲಿನಲ್ಲಿ ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು ಸವೆದರೆ ೧೧೨ ಕೀಲುಗಳಿಗೆ ೧೧ ಮಿಲಿಮೀಟರಿನಷ್ಟು ಉದ್ದವಾಯಿತು. ಉದ್ದವಾದ ಚೈನು ಹಲ್ಲಿನ ಬುಡದಲ್ಲಿ ಕೂರದೆ ತುದಿಗೆ ಏರುತ್ತದೆ. ಹಲ್ಲುಗಳು ಕೊಕ್ಕೆಯಂತೆ ಬಾಗುತ್ತವೆ. ಕೊನೆಗೊಮ್ಮೆ ಅದು ಜಾರಿ ಬಿದ್ದು ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡರೆ, ಓಡುತ್ತಿರುವ ಗಾಡಿಯ ಚಕ್ರ ನಿಂತಲ್ಲೇ ಬಿಗಿದುಕೊಳ್ಳುತ್ತದೆ. ಹಿಂದೆ ಹೆಂಡತಿಯೋ ಮಗುವೋ ಕುಳಿತಿರುವಾಗ ಇದು ನಡೆದರೆ ಏನಾದೀತೆಂದು ವಿವರಿಸಬೇಕಾದ್ದಿಲ್ಲ.

ಇನ್ನು ತಮ್ಮ ಗಾಡಿಯ ಚೈನು ಯಾವ ಜಾತಿಯದೆಂದು ತಿಳಿದುಕೊಳ್ಳಬೇಕು. ಎಣ್ಣೆಯ ಆಯ್ಕೆ ಇಲ್ಲಿಂದಲೇ ಕವಲೊಡೆಯುತ್ತದೆ.

ದಿನಬಳಕೆಯ ಸಣ್ಣ ಗಾಡಿಗಳಲ್ಲಿ ಬಹುಮಟ್ಟಿಗೆ ಇರುವುದು ಸಾದಾ ಚೈನು. ಇದರಲ್ಲಿ ಪಿನ್ನಿಗೆ ಎಣ್ಣೆ ತಲುಪಬೇಕಾದರೆ ಒಳತಗಡು ಹೊರತಗಡುಗಳ ನಡುವಣ ಕೂದಲೆಳೆಯಷ್ಟು ಸಂದಿನ ಮೂಲಕವೇ ಹೋಗಬೇಕು. ಎರಡನೆಯದು ಓ-ರಿಂಗ್ ಚೈನು. ೧೯೭೦ರ ದಶಕದಲ್ಲಿ ಮೋಟಾರ್ ಸೈಕಲ್ಲುಗಳಿಗೆ ಬಂತು, ಈಗ ದೊಡ್ಡ ಗಾಡಿಗಳಲ್ಲಿ ಸಾಮಾನ್ಯ. ಇದರಲ್ಲಿ ಕಾರ್ಖಾನೆಯಲ್ಲೇ ಪಿನ್ನಿನ ಸುತ್ತ ಗ್ರೀಸು ತುಂಬಿ, ಎರಡು ತಗಡುಗಳ ನಡುವೆ ಸಣ್ಣ ರಬ್ಬರ್ ಉಂಗುರ ಕೂರಿಸಿ ಮುಚ್ಚಿಬಿಟ್ಟಿರುತ್ತಾರೆ. ಚೈನನ್ನು ಪಕ್ಕದಿಂದ ಓರೆಯಾಗಿ ನೋಡಿದರೆ ತಗಡುಗಳ ನಡುವೆ ಉಂಗುರದ ಅಂಚು ಕಾಣುತ್ತದೆ. ಕೊಳೆ ಮೆತ್ತಿಕೊಂಡು ಕಾಣದಿದ್ದರೆ ಗಾಡಿಯ ಕೈಪಿಡಿಯಲ್ಲಿ ನೋಡಬಹುದು.

ಓ-ರಿಂಗ್ ಚೈನಿರುವವರು ಒಳಗೆ ಎಣ್ಣೆ ಹೇಗಿದ್ದರೂ ಇದೆಯಲ್ಲ ಎಂದು ಸುಮ್ಮನಿರುವುದುಂಟು. ಇದು ಸರಿಯಲ್ಲ. ಉಂಗುರ ಕಾಪಾಡುವುದು ಪಿನ್ನನ್ನು. ಬುಷ್ಷಿಗೂ ರೋಲರಿಗೂ ನಡುವೆ, ರೋಲರಿಗೂ ಹಲ್ಲಿಗೂ ನಡುವೆ ಹೊರಗಿನ ಎಣ್ಣೆಯೇ ಗತಿ. ಉಂಗುರಗಳು ಒಣಗಿ ಬಿರಿಯದಂತಿರಲೂ ತೆಳುವಾದ ಪೊರೆಯೊಂದು ಬೇಕು. ಇವರ ಮುಖ್ಯ ಕರ್ತವ್ಯವೆಂದರೆ ಉಂಗುರಕ್ಕೆ ಕೇಡು ತಾರದಿರುವುದು. ಉಂಗುರ ಹಾಳಾದರೆ ಒಳಗಿನ ಗ್ರೀಸು ಹೊರಬೀಳುತ್ತದೆ, ಮಣ್ಣು ನೀರು ಒಳಹೊಗುತ್ತವೆ. ಹೋದ ಗ್ರೀಸನ್ನು ಮತ್ತೆ ತುಂಬಲು ಮನೆಯಲ್ಲಾಗಲಿ ಗ್ಯಾರೇಜಿನಲ್ಲಾಗಲಿ ಸಾಧ್ಯವಿಲ್ಲ. ಆದಕಾರಣ ಪೆಟ್ರೋಲು, ತಿನ್ನರು, ತಂತಿ ಬ್ರಷ್ಷು ಈ ಚೈನಿನ ಹತ್ತಿರ ಸುಳಿಯಬಾರದು. ಗಾಡಿ ತೊಳೆಯುವ ಅಂಗಡಿಯ ಬಿರುಸು ನೀರಿನ ಪಿಚಕಾರಿಯನ್ನೂ ನೇರವಾಗಿ ಚೈನಿಗೆ ಹಿಡಿಯಗೊಡಬಾರದು.

ಈಗ ಎಣ್ಣೆಗಳ ವಿಚಾರ. ಹಿಂದೆ ಎತ್ತಿನ ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆ ನಮ್ಮವರಿಗೆ ಹೊಸದಲ್ಲ. ಹರಳೆಣ್ಣೆಗೆ ಹುಲ್ಲು ಸುಟ್ಟ ಮಸಿ ಬೆರೆಸಿ ಮಂದ ಮಾಡಿ ಹಚ್ಚುತ್ತಿದ್ದರು. ನಿಧಾನವಾಗಿ ತಿರುಗುವ ಮರದ ಚಕ್ರಕ್ಕೆ ಅದು ಜಾಣತನದ ಯೋಗವೇ ಸರಿ. ಚೈನಿನ ವೇಗಕ್ಕೆ, ಅದರ ಕಿರಿದಾದ ಸಂದಿಗೆ ಅದು ಒಗ್ಗದು. ಅಡಿಗೆಮನೆಯ ಎಣ್ಣೆಗಳೆಲ್ಲ ಗಾಳಿಗೂ ಬಿಸಿಲಿಗೂ ಅಂಟಂಟಾಗಿ ಕೊನೆಗೆ ಗೋಂದಿನಂತಾಗುತ್ತವೆ. ಕೊಬ್ಬರಿ ಎಣ್ಣೆಯಂತೂ ಸುಮಾರು ೨೪ ಡಿಗ್ರಿಗೇ ಹೆಪ್ಪುಗಟ್ಟುವಂಥದು; ಡಿಸೆಂಬರಿನ ಬೆಳಗಿನಲ್ಲಿ ಶೀಷೆಯಿಂದಲೇ ಇಳಿಯದ ಎಣ್ಣೆ ಕೀಲಿನೊಳಗೆ ಇಳಿದೀತೇ? ಹೊಲಿಗೆ ಯಂತ್ರದ ಎಣ್ಣೆ ಇಳಿಯುವುದೇನೋ ಚೆನ್ನಾಗಿ ಇಳಿಯುತ್ತದೆ, ಆದರೆ ಅಷ್ಟೇ ಬೇಗ ಸಿಡಿದು ಹೋಗುತ್ತದೆ. ತುಕ್ಕು ಬಿಡಿಸಲೆಂದು ಮಾರುವ ತೆಳು ಸ್ಪ್ರೇಗಳದೂ ಇದೇ ಕಥೆ. ಅವು ನೀರನ್ನು ಹೊರತಳ್ಳುತ್ತವೆ, ಕೊಳೆ ಬಿಡಿಸುತ್ತವೆ. ನಿಂತು ಕೆಲಸ ಮಾಡುವ ಎಣ್ಣೆ ಅವುಗಳಲ್ಲಿ ಬಹಳ ಕಡಮೆ.

ಎಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆ ಪುಕ್ಕಟೆ ಸಿಗುತ್ತದೆಂಬುದೇ ಅದರ ದೊಡ್ಡ ಗುಣ. ಅದು ಕರಿಯಾದದ್ದು ಎಂಜಿನ್ನಿನ ಮಸಿಯಿಂದ, ಲೋಹದ ಸಣ್ಣ ಪುಡಿಯಿಂದ, ಉರಿದ ಪೆಟ್ರೋಲಿನ ಆಮ್ಲಗಳಿಂದ. ಎಂಜಿನ್ನಿಗೆ ಬೇಡವೆಂದು ತೆಗೆದುಹಾಕಿದ ಈ ಎಣ್ಣೆ ಚೈನಿಗೆ ಒಳ್ಳೆಯದಾಗುವ ಬಗೆ ಹೇಗೋ ನನಗಂತೂ ಹೊಳೆಯದು. ಕೈಯ ಚರ್ಮಕ್ಕೂ ಅದರ ಸಹವಾಸ ಹಿತವಲ್ಲ.

ಗ್ರೀಸಿನ ಮೇಲೆ ಹಲವರಿಗೆ ಭಕ್ತಿ ಹೆಚ್ಚು. ಮೇಲೆ ದಪ್ಪನಾಗಿ ಮೆತ್ತಿದ ಗ್ರೀಸು ನೋಡಲು ತೃಪ್ತಿ ಕೊಡುತ್ತದೆ. ಆದರೆ ಸಂದಿನೊಳಗೆ ನುಗ್ಗುವ ಶಕ್ತಿ ಅದಕ್ಕಿಲ್ಲ. ಹೊರಗೆ ಕುಳಿತು ರಸ್ತೆಯ ಧೂಳನ್ನೆಲ್ಲ ಹಿಡಿದು ಸಾಣೆ ಹಿಡಿಯುವ ಮಸಾಲೆಯಾಗುತ್ತದೆ. ಹಳೆಯ ಕಾಲದ ಸವಾರರು ಸಾದಾ ಚೈನನ್ನು ಬಿಚ್ಚಿ, ತೊಳೆದು, ಒಣಗಿಸಿ, ಗ್ರಾಫೈಟು ಬೆರೆಸಿದ ಗ್ರೀಸನ್ನು ಬಾಣಲೆಯಲ್ಲಿ ಕರಗಿಸಿ ಅದರಲ್ಲಿ ಮುಳುಗಿಸುತ್ತಿದ್ದುದುಂಟು. ಒಳಗಿನ ಗಾಳಿಯೆಲ್ಲ ಗುಳ್ಳೆಯಾಗಿ ಹೊರಬಂದು ಆ ಜಾಗಕ್ಕೆ ಗ್ರೀಸು ಸೇರುತ್ತಿತ್ತು. ಸೊಗಸಾದ ವಿಧಾನವೇನೋ ಹೌದು. ಬೆಂಕಿಯ ಅಪಾಯವೂ ಅಷ್ಟೇ ಇದೆ. ಓ-ರಿಂಗ್ ಚೈನಿಗಂತೂ ಇದನ್ನು ಮಾಡಲೇಬಾರದು.

ಹಾಗಾದರೆ ಹಾಕತಕ್ಕದ್ದೇನು? ಸಾದಾ ಚೈನಿಗೆ ೯೦ ನಂಬರಿನ ಗೇರ್ ಆಯಿಲು ಸಾಕು. ಗಾಡಿ ತಯಾರಕರ ಅನೇಕ ಕೈಪಿಡಿಗಳು ಹೇಳುವುದೂ ಇದನ್ನೇ. ೯೦ ಎಂಬ ಅಂಕೆ ನೋಡಿ ಇದು ಎಂಜಿನ್ ಆಯಿಲಿಗಿಂತ ಎರಡು ಪಟ್ಟು ಮಂದವೆಂದು ಭಾವಿಸಬೇಕಾಗಿಲ್ಲ. ಗೇರ್ ಆಯಿಲಿನ ಅಳತೆಯ ಸಾಲು ಬೇರೆ, ಎಂಜಿನ್ ಆಯಿಲಿನ ಸಾಲು ಬೇರೆ; ಗೇರಿನ ೯೦ ಎಂದರೆ ಎಂಜಿನ್ನಿನ ೪೦–೫೦ರ ಆಸುಪಾಸಿನ ಮಂದ. ಹೀಗಾಗಿ ಅದು ಸಂದಿನೊಳಗೆ ಇಳಿಯಲೂ ಬಲ್ಲುದು, ಇಳಿದ ಮೇಲೆ ಭಾರಕ್ಕೆ ನಿಲ್ಲಲೂ ಬಲ್ಲುದು. ಅದರ ಕುಂದೆಂದರೆ ಸಿಡಿಯುವುದು; ಹೆಚ್ಚಾಗಿ ಹಾಕಿದರೆ ಚಕ್ರದ ಕಡ್ಡಿ, ಟೈರು, ಪ್ಯಾಂಟು ಎಲ್ಲಕ್ಕೂ ಪಾಲು ಹೋಗುತ್ತದೆ. ಟೈರಿನ ಮೇಲೆ, ಬ್ರೇಕಿನ ಮೇಲೆ ಬಿದ್ದ ಎಣ್ಣೆ ಅಪಾಯಕರ.

ಡಬ್ಬಿಯ ಚೈನ್ ಸ್ಪ್ರೇ ಬೆಲೆಯಲ್ಲಿ ಹೆಚ್ಚು, ಬಳಸಲು ಸುಲಭ. ಅದರಲ್ಲಿ ಮಂದವಾದ ಅಂಟು ಎಣ್ಣೆಯನ್ನು ತೆಳು ದ್ರವದಲ್ಲಿ ಕರಗಿಸಿರುತ್ತಾರೆ. ದ್ರವ ಒಳಗೆ ಹೊತ್ತೊಯ್ಯುತ್ತದೆ, ಆಮೇಲೆ ಆರಿಹೋಗುತ್ತದೆ, ಎಣ್ಣೆ ಉಳಿಯುತ್ತದೆ. ಸಿಂಪಡಿಸಿದ ಕೂಡಲೇ ಗಾಡಿ ಹತ್ತಿ ಹೊರಟರೆ ಆರುವ ಮುಂಚೆ ಎಲ್ಲವೂ ಸಿಡಿದುಹೋಗಿ ಹಣ ರಸ್ತೆಯ ಪಾಲು. ರಾತ್ರಿ ಹಾಕಿ ಬೆಳಿಗ್ಗೆ ಹೊರಡುವುದು ಉತ್ತಮ. ಓ-ರಿಂಗ್ ಚೈನಿನವರು ಅಂಥ ಚೈನಿಗೆ ತಕ್ಕದ್ದೆಂದು ಡಬ್ಬಿಯ ಮೇಲೆ ಬರೆದಿದೆಯೇ ಎಂದು ಓದಿ ಕೊಳ್ಳಬೇಕು. ಕೈಪಿಡಿ ಒಪ್ಪಿದರೆ ಅವರೂ ಗೇರ್ ಆಯಿಲನ್ನು ಬಳಸಬಹುದು.

ಊರಿನ ಹವೆಯನ್ನೂ ನೋಡಬೇಕು. ರಾಯಚೂರು, ಬಳ್ಳಾರಿಗಳ ಬೇಸಿಗೆಯ ಧೂಳಿನಲ್ಲಿ ಅಂಟು ಹೆಚ್ಚಿದಷ್ಟೂ ತೊಂದರೆ. ಒಣಗಿ ಮೇಣದಂತೆ ಕೂರುವ ಸ್ಪ್ರೇ ಅಲ್ಲಿ ಒಳ್ಳೆಯದು, ಗೇರ್ ಆಯಿಲಾದರೆ ಹಾಕಿ ಚೆನ್ನಾಗಿ ಒರೆಸಿಬಿಡಬೇಕು. ತೀರ್ಥಹಳ್ಳಿ, ಸಾಗರಗಳ ಮಳೆಗಾಲದಲ್ಲಿ ನೀರಿಗೆ ತೊಳೆದುಹೋಗದ ಅಂಟು ಸ್ಪ್ರೇ ಬೇಕು. ಕಾರವಾರ, ಮಂಗಳೂರುಗಳ ಉಪ್ಪುಗಾಳಿ ನಿಂತ ಗಾಡಿಯ ಚೈನಿಗೂ ತುಕ್ಕು ಹಿಡಿಸುತ್ತದೆ. ಸಾಧಾರಣವಾಗಿ ೫೦೦ ಕಿಲೋಮೀಟರಿಗೊಮ್ಮೆ ಎಂಬುದು ಒಳ್ಳೆಯ ರೂಢಿ. ಮಳೆಯಲ್ಲಿ ನೆನೆದು ಬಂದರೆ ಆ ಲೆಕ್ಕ ಬಿಟ್ಟು ಅಂದೇ ಒರೆಸಿ ಎಣ್ಣೆ ಕಾಣಿಸಬೇಕು. ಚೈನಿನ ಪಾಲಿಗೆ ಪೂರ್ತಿ ಮುಚ್ಚಿದ ಪೆಟ್ಟಿಗೆಯಷ್ಟು ಒಳ್ಳೆಯ ಮನೆ ಇನ್ನೊಂದಿಲ್ಲ. ೧೯೬೦ರ ದಶಕದಲ್ಲಿ ಮೈಸೂರಿನಲ್ಲಿ ತಯಾರಾದ ಜಾವಾ ಗಾಡಿಗಳಿಗೆ ಅಂಥ ಪೆಟ್ಟಿಗೆ ಇತ್ತು. ಈಗಲೂ ಕೆಲವು ಸಣ್ಣ ಗಾಡಿಗಳಿಗೆ ಇದೆ. ಅಂದಕ್ಕಾಗಿ ಅದನ್ನು ಕಿತ್ತು ಹಾಕುವ ಯುವಕರಿಗೆ ಏನೆನ್ನಬೇಕೋ!

ಹಾಕುವ ಕ್ರಮದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಎಂಜಿನ್ನು ಚಾಲೂ ಮಾಡಿ, ಮೊದಲ ಗೇರಿಗೆ ಹಾಕಿ, ಸ್ಟ್ಯಾಂಡಿನ ಮೇಲೆ ಚಕ್ರ ತಾನಾಗಿ ತಿರುಗುತ್ತಿರುವಾಗ ಚೈನಿಗೆ ಬಟ್ಟೆ ಹಿಡಿಯುವವರಿದ್ದಾರೆ. ಚೈನು ನಿಧಾನವಾಗಿಯೇ ಸರಿಯುವಂತೆ ಕಾಣುತ್ತದೆ. ಸೆಕೆಂಡಿಗೆ ಒಂದು ಅಡಿಯಷ್ಟೇ ಸರಿದರೂ ಕಾಲು ಸೆಕೆಂಡಿನಲ್ಲಿ ಮೂರು ಅಂಗುಲ ಆಯಿತು. ಬೆರಳಿನ ಉದ್ದ ಅಷ್ಟೇ. ಬಟ್ಟೆಯ ಎಳೆ ಹಲ್ಲಿಗೆ ಸಿಕ್ಕಿ ಕೈಯನ್ನು ಎಳೆದುಕೊಂಡರೆ ಹಿಂತೆಗೆಯಲು ಸಮಯವಿರುವುದಿಲ್ಲ. ಎಂಜಿನ್ನು ಆರಿಸಿ, ಬೀಗದ ಕೈ ಕಿತ್ತು ಜೇಬಿಗೆ ಹಾಕಿಕೊಂಡು, ನ್ಯೂಟ್ರಲ್ಲಿನಲ್ಲಿಟ್ಟು, ಚಕ್ರವನ್ನು ಕೈಯಿಂದಲೇ ಹಿಂದಕ್ಕೆ ತಿರುಗಿಸಬೇಕು. ಮಕ್ಕಳನ್ನು ಆಚೆ ಕಳಿಸಬೇಕು.

ಗಾಡಿ ಓಡಿಸಿ ಬಂದು ಚೈನು ಬೆಚ್ಚಗಿರುವಾಗಲೇ ಕೆಲಸ ಹಿಡಿದರೆ ಎಣ್ಣೆ ಚೆನ್ನಾಗಿ ಇಳಿಯುತ್ತದೆ. ಕೊಳೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಮೆತ್ತನೆಯ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು ಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು. ಸೀಮೆಎಣ್ಣೆ ಈಗ ಎಲ್ಲೆಡೆ ಸುಲಭವಾಗಿ ಸಿಗದು. ಚೈನ್ ಕ್ಲೀನರ್ ಎಂದೇ ಮಾರುವುದನ್ನು ತಂದರೂ ಆಗುತ್ತದೆ. ಎಣ್ಣೆಯನ್ನು ಬಿಡುವುದು ಚೈನಿನ ಕೆಳಗಿನ ಸಾಲಿನ ಒಳಮೈಗೆ, ತಗಡುಗಳ ಸಂದಿಗೆ, ಎರಡು ಪಕ್ಕಕ್ಕೂ. ಸುತ್ತುವ ವೇಗ ಎಣ್ಣೆಯನ್ನು ಹೊರಕ್ಕೆ ತಳ್ಳುವುದರಿಂದ ಒಳಮೈಗೆ ಬಿಟ್ಟದ್ದು ಚೈನಿನ ಮೂಲಕ ಹಾದು ಹೋಗುತ್ತದೆ. ಹೊರಮೈಗೆ ಬಿಟ್ಟದ್ದು ನೇರ ಗಾಳಿಗೆ ಹೋಗುತ್ತದೆ. ಸಂದಿಗೊಂದು ಹನಿ ಸಾಕು. ಸ್ವಲ್ಪ ಹೊತ್ತು ಬಿಟ್ಟು ಮೇಲೆ ಉಳಿದದ್ದನ್ನು ಒರೆಸಿಬಿಡಬೇಕು.

ಕೀಲುಗಳ ಹತ್ತಿರ ಕುಂಕುಮ ಉದುರಿದಂತೆ ಕೆಂಪು ಪುಡಿ ಕಂಡರೆ ಒಳಗಿನ ಪಿನ್ನು ಒಣಗಿದೆಯೆಂದು ತಿಳಿಯಬೇಕು. ಹಿಂದಿನ ಸ್ಪ್ರಾಕೆಟ್ಟಿನ ತೀರ ಹಿಂಭಾಗದಲ್ಲಿ ಚೈನನ್ನು ಹಿಡಿದು ಹಿಂದಕ್ಕೆ ಎಳೆದಾಗ ಹಲ್ಲಿನ ಅರ್ಧಭಾಗ ಕಾಣುವಷ್ಟು ಅದು ಮೇಲೆದ್ದು ಬಂದರೆ ಆ ಚೈನಿನ ಆಯುಸ್ಸು ಮುಗಿದಿದೆ, ಯಾವ ಎಣ್ಣೆಯೂ ಅದನ್ನು ಬದುಕಿಸಲಾರದು. ಆಗ ಚೈನೊಂದನ್ನೇ ಬದಲಿಸದೆ ಮುಂದಿನ ಹಿಂದಿನ ಎರಡು ಸ್ಪ್ರಾಕೆಟ್ಟುಗಳನ್ನೂ ಒಟ್ಟಿಗೆ ಹಾಕಿಸಬೇಕು. ಕೊಕ್ಕೆಯಾದ ಹಳೆಯ ಹಲ್ಲುಗಳ ಮೇಲೆ ಕೂರಿಸಿದ ಹೊಸ ಚೈನು ಬಹುಬೇಗ ಹಾಳಾಗುತ್ತದೆ.